ಕೊಡಗಿನ ಮಳೆ ಮತ್ತು ಮೋಟಾರ್‌ಹೋಮಿನ ಚೌಕಟ್ಟು: ತುಕ್ಕನ್ನು ತಡೆಯುವುದು ಹೇಗೆ, ತಿಂದುಹೋದ ಭಾಗವನ್ನು ಏನು ಮಾಡುವುದು?

ಮೂರ್ನಾಡು ತೋಟ

ಎಲ್ಲರಿಗೂ ನಮಸ್ಕಾರ. ಹಳೆಯ ಮಿನಿ ಬಸ್ಸಿನ ಚಾಸಿಸ್ ಮೇಲೆ ಕಟ್ಟಿಸಿದ ಮೋಟಾರ್‌ಹೋಮ್ ಒಂದು ನಮ್ಮಲ್ಲಿದೆ. ಬಾಡಿಯ ಚೌಕಟ್ಟು ಎಂ.ಎಸ್. (ಸಾಧಾರಣ ಮೆದು ಉಕ್ಕು) ಸ್ಕ್ವೇರ್ ಪೈಪಿನದು, ಹೊರಗೆ ಅಲ್ಯೂಮಿನಿಯಂ ಶೀಟ್, ಒಳಗೆ ಪ್ಲೈವುಡ್, ಎರಡರ ನಡುವೆ ಶಾಖ ತಡೆಯುವ ಗ್ಲಾಸ್‌ವುಲ್ ಇದೆ. ಮಳೆಗಾಲದ ತಿಂಗಳುಗಳಲ್ಲಿ ಗಾಡಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಈ ಬಾರಿ ತುಲಾ ಸಂಕ್ರಮಣ ಕಳೆದು ಮಳೆ ಕಡಿಮೆಯಾದ ಮೇಲೆ ಕೆಳಗೆ ಮಲಗಿ ನೋಡಿದಾಗ, ಹಿಂದಿನ ಚಕ್ರದ ಪಕ್ಕದಲ್ಲಿ ಹಾದುಹೋಗುವ ಅಡ್ಡ ಪೈಪಿನ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಅದರ ತುದಿ ಪೈಪಿನ ಒಳಕ್ಕೇ ಇಳಿಯಿತು. ಹೊರಗೆಳೆದಾಗ ಕಂದು ನೀರು ಬೆರಳಿನ ಮೇಲೆ ಹರಿಯಿತು. ಚಾಸಿಸ್ಸಿನ ಲಾಂಗ್ ಮೆಂಬರಿನ (ಗಾಡಿಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ) ಮೇಲೂ ತುಕ್ಕಿದೆ, ಆದರೆ ಅದು ಮೇಲ್ಮೈಯಲ್ಲಷ್ಟೇ ಇರುವಂತೆ ತೋರುತ್ತದೆ.

ಕೆಳಭಾಗಕ್ಕೆ ವಾಟರ್ ಸರ್ವಿಸ್ ಮಾಡಿಸಿ ಕಪ್ಪು ಅಂಡರ್‌ಕೋಟ್ ಹೊಡೆಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ ಎಂದು ಪರಿಚಯದ ಗ್ಯಾರೇಜಿನವರು ಹೇಳುತ್ತಾರೆ. ಯಾವ ಕೋಟಿಂಗ್ ಒಳ್ಳೆಯದು, ತೂತಾದ ಪೈಪಿಗೆ ಪಟ್ಟಿ ಹಾಕಿ ವೆಲ್ಡ್ ಮಾಡಿಸಿದರೆ ಸಾಕೆ, ಲಾಂಗ್ ಮೆಂಬರಿಗೆ ಏನಾದರೂ ಮಾಡಬೇಕೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಬಾಡಿ ಕಟ್ಟುವವನು, ಕುಶಾಲನಗರ

ಸರ್, ತೂತಿನಿಂದ ನೀರು ಬಂತು ಎಂದು ನೀವೇ ಬರೆದಿದ್ದೀರಿ; ಉತ್ತರ ಅದರಲ್ಲೇ ಇದೆ. ಆ ಪೈಪಿಗೆ ಹೊರಗಿನಿಂದ ತುಕ್ಕು ಹಿಡಿದದ್ದಲ್ಲ, ಒಳಗಿನಿಂದ ತಿಂದುಕೊಂಡು ಬಂದಿದೆ. ಬಾಡಿ ಕಟ್ಟುವಾಗ ಪೈಪಿನ ಹೊರಮೈಗೆ ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಲೇಪ) ಬಳಿಯುತ್ತಾರೆ, ಒಳಮೈ ಮಾತ್ರ ಕಾರ್ಖಾನೆಯಿಂದ ಬಂದ ಹಾಗೆ ಬರಿಗಬ್ಬಿಣವಾಗಿಯೇ ಉಳಿಯುತ್ತದೆ. ವೆಲ್ಡಿಂಗಿನಲ್ಲಿ ಬಿಟ್ಟುಹೋದ ಸೂಜಿಮೊನೆಯಷ್ಟು ಸಂದು, ಶೀಟಿನ ರಿವೆಟ್ ತೂತು, ಕಿಟಕಿಯ ಸ್ಕ್ರೂ, ಹೀಗೆ ನೀರು ಒಳಗೆ ಹೋಗಲು ದಾರಿಗಳು ಹಲವು, ಹೊರಗೆ ಬರಲು ಒಂದೂ ಇರುವುದಿಲ್ಲ. ನಿಂತ ಪೈಪುಗಳಲ್ಲಿ ಇಳಿದ ನೀರೆಲ್ಲ ಕೊನೆಗೆ ನೆಲದ ಅಡ್ಡ ಪೈಪುಗಳಲ್ಲಿ ಸೇರಿಕೊಳ್ಳುತ್ತದೆ.

ಇಂಥ ಪೈಪಿನ ಮೇಲೆ ಅಂಡರ್‌ಕೋಟ್ ಹೊಡೆಸಿದರೆ ಎರಡು ನಷ್ಟಗಳಿವೆ. ಒಳಗಿನ ತುಕ್ಕು ತನ್ನ ಪಾಡಿಗೆ ಮುಂದುವರಿಯುತ್ತದೆ, ಅದು ಎಲ್ಲಿಗೆ ಬಂದಿದೆ ಎಂಬುದು ನಿಮ್ಮ ಕಣ್ಣಿಗೂ ಕಾಣದಂತಾಗುತ್ತದೆ. ಅದರಲ್ಲೂ ವಾಟರ್ ಸರ್ವಿಸ್ ಮಾಡಿಸಿದ ಮರುದಿನವೇ ಹೊಡೆಸಿದರೆ ಸಂದುಗಳಲ್ಲಿ ಉಳಿದ ತೇವವನ್ನೂ ಸೇರಿಸಿ ಮುಚ್ಚಿಟ್ಟಂತಾಗುತ್ತದೆ. ಅಂಡರ್‌ಕೋಟ್ ಕೆಟ್ಟ ವಸ್ತುವೆಂದು ನಾನು ಹೇಳುವುದಿಲ್ಲ. ಶುದ್ಧ ಮಾಡಿ ಪ್ರೈಮರ್ ಬಳಿದ ಲೋಹದ ಮೇಲೆ, ಚಕ್ರದಿಂದ ಸಿಡಿಯುವ ಕಲ್ಲಿನ ಏಟು ತಡೆಯಲು ಅದು ಒಳ್ಳೆಯದೇ. ತುಕ್ಕಿನ ಮೇಲೆ ಹೊಡೆಯುವುದು ಗಾಡಿ ಮಾರುವವರ ಉಪಾಯ.

ಮೊದಲು ಸಣ್ಣ ಸುತ್ತಿಗೆಯೊಂದನ್ನು ಹಿಡಿದು ಪ್ರತಿಯೊಂದು ಪೈಪನ್ನೂ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಖಣಖಣ ಸದ್ದು ಬರುತ್ತದೆ, ತಿಂದುಹೋದ ಕಡೆ ಮಂದವಾಗಿ ದಬ್ ಎನ್ನುತ್ತದೆ. ಬಚ್ಚಲಿನ ಕೆಳಗೆ, ಮೆಟ್ಟಿಲಿನ ಹಿಂದೆ, ನೀರಿನ ಟ್ಯಾಂಕ್ ಕೂರುವ ತಟ್ಟೆಯ ಸುತ್ತ, ಕಿಟಕಿಯ ಕೆಳಗಿನ ಮೂಲೆಗಳಲ್ಲಿ ಮತ್ತು ಚಾಸಿಸ್ಸಿನಿಂದ ಬಾಡಿಯ ಕಡೆಗೆ ಚಾಚಿದ ಬ್ರಾಕೆಟ್ಟುಗಳ ಮೂಲೆಗಳಲ್ಲಿ ವಿಶೇಷವಾಗಿ ನೋಡಿ. ಕೆಟ್ಟ ಜಾಗಗಳನ್ನೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು ಫೋಟೋ ಹಾಕಿದರೆ ಮುಂದಿನದನ್ನು ಹೇಳಬಹುದು.

ರಸಾಯನಶಾಸ್ತ್ರದ ಮೇಷ್ಟ್ರು, ಮಡಿಕೇರಿ

ಮೇಲಿನವರು ಹೇಳಿದ್ದು ಸರಿಯಾಗಿದೆ. ಅದರ ಹಿಂದಿನ ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಹರಿಯಬೇಕಾಗಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 60ನ್ನು ಮೀರಿದರೆ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ, ತುಕ್ಕು ಹಿಡಿಯಲು ಅಷ್ಟು ಸಾಕು. ನಮ್ಮಲ್ಲಿ ಮಳೆಗಾಲದಲ್ಲಿ ಅಷ್ಟು ಒಣ ಗಾಳಿ ಬೀಸುವ ದಿನವೇ ಅಪರೂಪ. ಇನ್ನು ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡುಗಳ ನಡುವೆ ಅದು ಬೆಳೆದರೆ ರಿವೆಟ್ಟನ್ನೇ ಕಿತ್ತು, ದಪ್ಪ ಪ್ಲೇಟನ್ನೂ ಬಾಗಿಸಬಲ್ಲದು. ಬಾಡಿಯ ಶೀಟು ಸಾಲಾಗಿ ಉಬ್ಬಿದ್ದರೆ ಒಳಗಿನ ಪೈಪಿನ ಕತೆ ಏನೆಂದು ಊಹಿಸಬಹುದು.

ವಾಸದ ಗಾಡಿಗೆ ಇನ್ನೊಂದು ತೊಂದರೆಯಿದೆ, ಅದನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಹೊರಬರುತ್ತದೆ. ಅಕ್ಕಿ ಬೇಯುವ ಹಬೆ, ಮಲಗಿದವರ ಉಸಿರು ಅದರ ಮೇಲೆ ಸೇರುತ್ತವೆ. ಕಿಟಕಿ ಮುಚ್ಚಿಕೊಂಡು ಮಂಜಿನಲ್ಲಿ ರಾತ್ರಿ ಕಳೆದರೆ ಆ ಆವಿ ಪ್ಲೈವುಡ್ಡಿನ ಸಂದಿನಿಂದ ನುಸುಳಿ ತಣ್ಣನೆಯ ಪೈಪಿನ ಮೇಲೆ ಹನಿಗಟ್ಟುತ್ತದೆ. ಗ್ಲಾಸ್‌ವುಲ್ ಆ ಹನಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಛಾವಣಿಯ ಗಾಳಿಕಿಂಡಿಯನ್ನು ಮಳೆಯಲ್ಲೂ ಒಂದಿಷ್ಟು ತೆರೆದಿಡಬೇಕು.

ಒಂದು ಪ್ರಶ್ನೆ: ಗಾಡಿಯಲ್ಲಿ ಯಾವಾಗಲಾದರೂ ಗೊಬ್ಬರ ಅಥವಾ ಔಷಧಿ ಸಾಗಿಸಿದ್ದೀರಾ?

ಮೂರ್ನಾಡು ತೋಟ

ಸಾಗಿಸಿಲ್ಲ ಮೇಷ್ಟ್ರೇ. ಆದರೆ ಗಾಡಿ ನಿಲ್ಲುವ ಶೆಡ್ಡಿನಲ್ಲೇ ಗೊಬ್ಬರದ ಮೂಟೆಗಳಿರುತ್ತವೆ, ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಬೆರೆಸಿದ ಗಿಡದ ಔಷಧಿ) ಕಲಸುವ ಡ್ರಮ್ಮುಗಳೂ ಅಲ್ಲಿಯೇ ಇವೆ.

ರಸಾಯನಶಾಸ್ತ್ರದ ಮೇಷ್ಟ್ರು, ಮಡಿಕೇರಿ

ಹಾಗಾದರೆ ಗಾಡಿಯನ್ನು ಮೊದಲು ಅಲ್ಲಿಂದ ಹೊರಗೆ ತೆಗೆಯಿರಿ. ನಾವು ಪೊಟ್ಯಾಷ್ ಎಂದು ಕೊಳ್ಳುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣದ ಮಟ್ಟಿಗೆ ಅದಕ್ಕೂ ಸಮುದ್ರದ ಉಪ್ಪಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಅದರ ಧೂಳು ಚಾಸಿಸ್ಸಿನ ಅಂಚುಗಳ ಮೇಲೆ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮೈಲುತುತ್ತದ ನೀರು ಇನ್ನೂ ಕೆಟ್ಟದ್ದು. ಅದರಲ್ಲಿರುವ ತಾಮ್ರ ಬರಿಗಬ್ಬಿಣದ ಮೇಲೆ ಕೆಂಪಾಗಿ ಕೂರುತ್ತದೆ, ಕೂತ ಜಾಗದ ಸುತ್ತಲಿನ ಕಬ್ಬಿಣ ತೇವದಲ್ಲಿ ಬೇಗಬೇಗನೆ ಕರಗುತ್ತದೆ. ಮೈಲುತುತ್ತದ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎಂದು ಹಿರಿಯರು ಹೇಳುವುದಕ್ಕೂ, ತಯಾರಾದ ಬೋರ್ಡೋವನ್ನು ಚಾಕುವಿನ ಅಲಗು ಅದ್ದಿ ಪರೀಕ್ಷಿಸುವುದಕ್ಕೂ ಇದೇ ಕಾರಣ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ.

ಸೋಮವಾರಪೇಟೆ ಸವಾರಿ

ಇಷ್ಟೆಲ್ಲ ಏಕೆ ಬೇಕು ಎಂದು ತೋರುತ್ತದೆ. ನಮ್ಮ ತಂದೆಯವರ ಕಾಲದಿಂದ ಜೀಪಿನ ಕೆಳಭಾಗಕ್ಕೆ ಮಳೆಗಾಲಕ್ಕೆ ಮುಂಚೆ ಹಳೆಯ ಎಂಜಿನ್ ಆಯಿಲ್ ಹೊಡೆಯುತ್ತಿದ್ದೇವೆ. ಜೀಪು ಇಂದಿಗೂ ಗಟ್ಟಿಯಾಗಿದೆ.

ಬಾಡಿ ಕಟ್ಟುವವನು, ಕುಶಾಲನಗರ

ಜೀಪಿನ ಕೆಳಗೆ ರಬ್ಬರ್ ಬುಷ್ಷು, ಪೈಪುಗಳು ಕಡಿಮೆ, ಮೇಲೆ ಮಲಗುವ ಮನೆಯೂ ಇಲ್ಲ. ಎಣ್ಣೆ ತುಕ್ಕನ್ನು ನಿಧಾನಗೊಳಿಸುತ್ತದೆ ಎಂಬುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಓಡಿದ ಆಯಿಲಿನಲ್ಲಿ ಆಮ್ಲದ ಅಂಶ ಇರುತ್ತದೆ. ಅದು ರಬ್ಬರನ್ನು ಉಬ್ಬಿಸುತ್ತದೆ, ಬ್ರೇಕಿನ ಮೇಲೆ ಬಿದ್ದರೆ ಅಪಾಯ, ಎರಡು ಮಳೆಗೆ ತೊಳೆದು ತೋಟದ ತೋಡಿಗೆ ಸೇರುತ್ತದೆ. ಮುಂದೆ ವೆಲ್ಡ್ ಮಾಡಬೇಕಾದರೆ ಮೊದಲು ಹೊತ್ತಿಕೊಳ್ಳುವುದೂ ಅದೇ. ಅದರ ಬದಲು ಪೈಪಿನ ಟೊಳ್ಳಿಗೆಂದೇ ತಯಾರಾದ ಕ್ಯಾವಿಟಿ ವ್ಯಾಕ್ಸ್ ಸಿಗುತ್ತದೆ. ಉದ್ದನೆಯ ಮೆತುವಾದ ನಳಿಕೆಯ ತುದಿಯಿಂದ ಸುತ್ತಲೂ ಸಿಂಪಡಿಸಿದರೆ ಅದು ವೆಲ್ಡಿನ ಸಂದುಗಳಿಗೆ ತಾನಾಗಿ ಹರಿದು, ಒಣಗಿದ ಮೇಲೂ ಸ್ವಲ್ಪ ಮೆತ್ತಗೆ ಉಳಿಯುತ್ತದೆ. ಬಣ್ಣದ ಹಾಗೆ ಬಿರಿಯುವುದಿಲ್ಲ.

ಸೋಮವಾರಪೇಟೆ ಸವಾರಿ

ರಬ್ಬರಿನ ವಿಷಯ ಒಪ್ಪುತ್ತೇನೆ. ಜೀಪಿಗೆ ಮಾತ್ರ ಈ ವರ್ಷವೂ ಹೊಡೆಯುವವನೇ.

ಬಿಳಿಗೇರಿ ಅಕ್ಕ

ನಮ್ಮ ಗಾಡಿಯಲ್ಲಿ ನೀರು ಮೇಲಿನಿಂದ ಬರುತ್ತಿತ್ತು, ನಾವು ಕೆಳಗೆ ಹುಡುಕುತ್ತಿದ್ದೆವು. ಸಿಲ್ವರ್ ಓಕ್ ಮರಗಳ ಕೆಳಗೆ ನಿಲ್ಲಿಸುವವರು ಛಾವಣಿಯ ಅಂಚಿನ ನೀರಿನ ದಾರಿಯನ್ನು ವಾರಕ್ಕೊಮ್ಮೆ ನೋಡಬೇಕು. ಆ ಮರದ ಎಲೆ ಒಂದರ ಮೇಲೊಂದು ಅಂಟಿ ಕಟ್ಟೆ ಕಟ್ಟುತ್ತದೆ, ಹಿಂದಕ್ಕೆ ನಿಂತ ನೀರು ಕಿಟಕಿಯ ಮೇಲಿನ ಜೋಡಣೆಯಿಂದ ಒಳಗಿಳಿಯುತ್ತದೆ.

ಸಂದು ಮುಚ್ಚುವವರಿಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಹಚ್ಚಿದಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಗಾಜಿಗೆ ಅದು ಸರಿ, ಬರಿಗಬ್ಬಿಣ ಇರುವಲ್ಲಿ ಬೇಡ. ನ್ಯೂಟ್ರಲ್ ಎಂದು ಬರೆದಿರುವ ಸಿಲಿಕೋನ್ ಅಥವಾ ಪಿ.ಯು. (ಪಾಲಿಯುರೆಥೇನ್) ಸೀಲಂಟ್ ಕೇಳಿ ತೆಗೆದುಕೊಳ್ಳಿ. ಮೇಲಿನಿಂದ ಹಚ್ಚಿ ಬೆರಳಿನಿಂದ ಸವರಿದರೆ ಪ್ರಯೋಜನವಿಲ್ಲ. ಕಿಟಕಿಯ ಚೌಕಟ್ಟನ್ನು ಬಿಚ್ಚಿ, ಹಳೆಯದನ್ನು ಕೆರೆದು, ಹೊಸ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಕೂರಿಸಿ ಬಿಗಿಯಬೇಕು. ಪೈಪಿಗೂ ಅಲ್ಯೂಮಿನಿಯಂ ಶೀಟಿಗೂ ನಡುವೆ ಅದೇ ಟೇಪ್ ಇದ್ದರೆ ಎರಡು ಲೋಹಗಳು ತೇವದಲ್ಲಿ ಒಂದನ್ನೊಂದು ಮುಟ್ಟಿ ಸವೆಯುವುದೂ ತಪ್ಪುತ್ತದೆ.

ಮೂರ್ನಾಡು ತೋಟ

ಅಕ್ಕ, ನಿಮ್ಮ ಮಾತು ನೋಡಿ ಒಳಗಿನ ಪ್ಲೈವುಡ್ಡನ್ನು ಬಿಚ್ಚಿಸಿದೆ. ಬಚ್ಚಲಿನ ಗೋಡೆಯ ಹಿಂದೆ ಗ್ಲಾಸ್‌ವುಲ್ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಅದನ್ನು ಎಳೆದು ತೆಗೆದಾಗ ಹಿಂದಿನ ಪೈಪಿನಿಂದ ತುಕ್ಕು ಹಪ್ಪಳದಂತೆ ಪದರಪದರವಾಗಿ ಕೈಗೆ ಬಂತು. ಪದರಗಳ ನಡುವೆ ಇನ್ನೂ ತೇವವಿತ್ತು, ಮೇಲಿನದು ಕೆಂಪು, ಒಳಗಿನದು ಕಪ್ಪು. ಮೇಲೆ ನೋಡಿದರೆ ಸ್ನಾನದ ನೀರಿನ ಪೈಪಿನ ಎಲ್ಬೋದಿಂದ ಹನಿ ಇಳಿಯುತ್ತಿತ್ತು. ಸುತ್ತಿಗೆಯ ಪರೀಕ್ಷೆಯಲ್ಲಿ ನೆಲದ ಎರಡು ಅಡ್ಡ ಪೈಪುಗಳು, ಒಂದು ನಿಂತ ಪೈಪಿನ ಬುಡ ಮತ್ತು ಒಂದು ಬ್ರಾಕೆಟ್ಟು ಕೆಟ್ಟಿರುವುದು ಗೊತ್ತಾಯಿತು. ಉಳಿದವು ಗಟ್ಟಿ ಇವೆ. ಲಾಂಗ್ ಮೆಂಬರಿನಲ್ಲಿ ತುಕ್ಕು ಕೆರೆದರೆ ಕೆಳಗೆ ಸಣ್ಣ ಸಣ್ಣ ಕುಳಿಗಳಿವೆ.

ವೆಲ್ಡಿಂಗ್ ಕೆಲಸದವನು, ಗೋಣಿಕೊಪ್ಪ

ಈಗ ನಾನು ಮಾತನಾಡಬಹುದು. ತೂತಿನ ಮೇಲೆ ಪಟ್ಟಿ ಇಟ್ಟು ವೆಲ್ಡ್ ಮಾಡುವುದನ್ನು ಮರೆತುಬಿಡಿ. ತೂತಿನ ಸುತ್ತಲಿನ ಪೈಪು ಕಾಗದದಷ್ಟು ತೆಳುವಾಗಿರುತ್ತದೆ, ವೆಲ್ಡ್ ಹಿಡಿಯುವುದಿಲ್ಲ, ಹಿಡಿದರೂ ಪಟ್ಟಿಯ ಅಂಚಿನಲ್ಲೇ ಮತ್ತೆ ಬಿರಿಯುತ್ತದೆ. ಪಟ್ಟಿಗೂ ಹಳೆಯ ಪೈಪಿಗೂ ನಡುವೆ ಹೊಸದೊಂದು ಸಂದು ಹುಟ್ಟುತ್ತದೆ, ಮುಂದಿನ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಕೆಟ್ಟ ಭಾಗವನ್ನು ಎರಡೂ ಕಡೆ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಅದಕ್ಕೂ ಮೊದಲು ಬಾಡಿಗೆ ಕೆಳಗಿನಿಂದ ಜ್ಯಾಕ್ ಮತ್ತು ಮರದ ದಿಮ್ಮಿ ಕೊಟ್ಟು ಅಳತೆ ಗುರುತಿಸಿಕೊಳ್ಳಬೇಕು, ಇಲ್ಲವಾದರೆ ಪೈಪು ಬಿಟ್ಟ ಕೂಡಲೇ ಬಾಡಿ ಕುಸಿದು ಬಾಗಿಲು ಮುಚ್ಚದಂತಾಗುತ್ತದೆ. ಅದೇ ಅಳತೆಯ, ಅದೇ ದಪ್ಪದ ಹೊಸ ಪೈಪಿಗೆ ಒಳಗೆ ಬಿಗಿಯಾಗಿ ಕೂರುವ ತುಂಡೊಂದನ್ನು ಇಟ್ಟು, ಜೋಡಣೆಯ ಎರಡೂ ಬದಿಯ ಪೈಪಿನೊಳಕ್ಕೆ ಇಳಿಸಿ, ಪಕ್ಕದಲ್ಲಿ ತೂತು ಕೊರೆದು ಆ ತೂತುಗಳನ್ನು ವೆಲ್ಡಿನಿಂದ ತುಂಬಿ, ಆಮೇಲೆ ಜೋಡಣೆಯ ಸುತ್ತ ಪೂರ್ತಿ ವೆಲ್ಡ್ ಹಾಕಬೇಕು. ತೆಳು ಪೈಪಿಗೆ ಸಿ.ಒ.2 ವೆಲ್ಡಿಂಗ್ (ಆ ಅನಿಲದ ಮರೆಯಲ್ಲಿ ತಂತಿ ಕರಗಿಸುವ ಬಗೆ) ಒಳ್ಳೆಯದು. ಒಂದೇ ಕಡೆ ಎಳೆಯದೆ ಎದುರುಬದುರು ತುಂಡು ತುಂಡಾಗಿ ಹಾಕಿದರೆ ಪೈಪು ತಿರುಚುವುದಿಲ್ಲ. ಹೊಸ ಪೈಪು ಜಿ.ಐ. (ಸತು ಲೇಪಿಸಿದ್ದು) ಆಗಿದ್ದರೆ ವೆಲ್ಡಿನ ಜಾಗದಲ್ಲಿ ಸತುವನ್ನು ಉಜ್ಜಿ ತೆಗೆಯಬೇಕು, ಗಾಳಿಯಾಡುವಲ್ಲಿ ಕೆಲಸ ಮಾಡಬೇಕು. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಬೆಂಕಿಯ ವಿಷಯ ಬೇರೆಯಾಗಿ ಹೇಳಬೇಕು. ಗ್ಯಾಸ್ ಸಿಲಿಂಡರನ್ನು ಗಾಡಿಯಿಂದ ದೂರ ಇಡಿ, ಡೀಸೆಲ್ ಟ್ಯಾಂಕ್ ಹತ್ತಿರವಿದ್ದರೆ ಬಿಚ್ಚಿಸಿ. ಪ್ಲೈವುಡ್ ಮತ್ತು ಹಾಸಿಗೆಯ ಫೋಮನ್ನು ಹೊರಗೆ ತೆಗೆಯದೆ ವೆಲ್ಡಿಂಗಿಗೆ ಒಪ್ಪಬೇಡಿ. ಫೋಮ್ ಹೊತ್ತಿದರೆ ಅದರ ಹೊಗೆಯೇ ವಿಷ. ಬ್ಯಾಟರಿಯ ಎರಡೂ ತಂತಿ ತೆಗೆದಿರಬೇಕು, ಮನೆಯ ಬಳಕೆಗಿಟ್ಟ ಎರಡನೆಯ ಬ್ಯಾಟರಿ ಮತ್ತು ಇನ್ವರ್ಟರಿನವೂ ಸೇರಿ. ಅರ್ತ್ ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲೇ ಹಾಕಿಸಿ. ದೂರ ಹಾಕಿದರೆ ಕರೆಂಟು ಬೇರಿಂಗ್, ವೈರಿಂಗ್ ಎಲ್ಲವನ್ನೂ ಹಾದು ಬರುತ್ತದೆ. ಕೆಲಸ ಮುಗಿದ ಮೇಲೂ ಒಂದು ಗಂಟೆ ಯಾರಾದರೂ ಬಕೆಟ್ ನೀರಿನೊಂದಿಗೆ ಅಲ್ಲಿಯೇ ಕೂತಿರಬೇಕು.

ಲಾಂಗ್ ಮೆಂಬರಿನ ಕೆಲಸವನ್ನು ನಾನು ಮುಟ್ಟುವುದಿಲ್ಲ, ನನ್ನಂಥ ಬೇರೆಯವರಿಂದಲೂ ಮಾಡಿಸಬೇಡಿ. ಅದು ಪೈಪಿನ ಕಬ್ಬಿಣವಲ್ಲ, ಹೆಚ್ಚು ಬಲದ ಉಕ್ಕು. ವೆಲ್ಡಿನ ಶಾಖಕ್ಕೆ ಆ ಜಾಗ ಮೆದುವಾಗುತ್ತದೆ, ಪಕ್ಕದಲ್ಲೇ ಬಿರುಕು ಬರುತ್ತದೆ. ಭಾರದ ಎಳೆತವೆಲ್ಲ ಮೇಲಿನ ಮತ್ತು ಕೆಳಗಿನ ಮಡಿಕೆಗಳಲ್ಲಿರುವುದರಿಂದ ಅಲ್ಲಿ ಅಡ್ಡಲಾಗಿ ವೆಲ್ಡ್ ಎಳೆಯುವುದಾಗಲಿ ತೂತು ಕೊರೆಯುವುದಾಗಲಿ ಕೂಡದು. ಕುಳಿಗಳು ಆಳವಾಗಿವೆ ಎಂದು ಸಂಶಯವಿದ್ದರೆ ಮೈಸೂರಿಗೋ ಮಂಗಳೂರಿಗೋ ಒಯ್ದು ಅಲ್ಟ್ರಾಸಾನಿಕ್ ಮೀಟರಿನಲ್ಲಿ ದಪ್ಪ ಅಳೆಸಿ, ಗಟ್ಟಿ ಇರುವ ಜಾಗದ ಅಳತೆಯೊಂದಿಗೆ ಹೋಲಿಸಿ, ಚಾಸಿಸ್ ತಯಾರಕರ ಅಧಿಕೃತ ವರ್ಕ್‌ಶಾಪಿನಲ್ಲಿ ತೋರಿಸಿ. ಬಲ ಕೊಡಬೇಕಾದರೂ ಅವರು ಒಳಗೆ ಇನ್ನೊಂದು ಚಾನೆಲ್ ಕೂರಿಸಿ, ನಡುವಿನ ನಿಂತ ಭಾಗಕ್ಕೆ ಮಾತ್ರ ಹೈ ಟೆನ್ಸೈಲ್ ಬೋಲ್ಟ್ ಹಾಕುತ್ತಾರೆ; ಚಾನೆಲಿನ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಬಲ ಒಂದೇ ಗೆರೆಯಲ್ಲಿ ನಿಲ್ಲದಿರಲಿ ಎಂದು.

ಮಕ್ಕಂದೂರು ರಸ್ತೆ

ಅದರ ಜೊತೆಗೆ ಒಂದು ಮಾತು. ಚಾಸಿಸ್ ನಂಬರ್ ಒತ್ತಿರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ದಪ್ಪ ಕೋಟಿಂಗನ್ನೂ ಹಾಕಬೇಡಿ; ತಪಾಸಣೆಯಲ್ಲಿ ನಂಬರ್ ಓದಲಾಗದಿದ್ದರೆ ತುಕ್ಕಿಗಿಂತ ದೊಡ್ಡ ತಲೆನೋವು. ಕೆಟ್ಟ ಪೈಪನ್ನು ಅದೇ ಅಳತೆಯ ಪೈಪಿನಿಂದ ಬದಲಿಸುವುದು ರಿಪೇರಿ. ಉದ್ದ, ಆಸನ, ಬಾಡಿಯ ಬಗೆ ಮುಂತಾಗಿ ಆರ್.ಸಿ.ಯಲ್ಲಿ ಬರೆದ ವಿವರಗಳೇ ಬದಲಾಗುವಂತಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅನ್ವಯವಾಗುತ್ತದೆ, ಆರ್.ಟಿ.ಒ. ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೂ ಹೇಳುತ್ತೇನೆ: 2018 ಮತ್ತು 2019ರ ಆಗಸ್ಟ್ ನೆರೆಯಲ್ಲಿ ಕಾವೇರಿಯ ದಡದ ಬಡಾವಣೆಗಳಲ್ಲಿ ನೀರು ನಿಂತಿತ್ತು. ನೆರೆಯಲ್ಲಿ ನಿಂತ ಗಾಡಿಯ ಪೈಪುಗಳಲ್ಲಿ ಮೆಕ್ಕಲು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಕೆಳಗಿನ ಪೈಪಿಗೆ ಸಣ್ಣ ತೂತು ಕೊರೆದು ನೋಡಲು ಮಾರುವವರು ಒಪ್ಪದಿದ್ದರೆ ಆ ಗಾಡಿಯನ್ನು ಬಿಟ್ಟುಬಿಡುವುದು ಒಳಿತು.

ಪೆರುಂಬಾಡಿ

ನಾವು ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ಕಡೆಗೆ ಆಗಾಗ ಹೋಗುತ್ತೇವೆ. ಮಕ್ಕಳಿಗೆ ಮುಳಪ್ಪಿಲಂಗಾಡಿನ ಕಡಲತೀರದಲ್ಲಿ ಗಾಡಿ ಓಡಿಸುವುದೇ ಹಬ್ಬ. ಅದರಿಂದ ತೊಂದರೆಯೆ?

ಬಾಡಿ ಕಟ್ಟುವವನು, ಕುಶಾಲನಗರ

ಕಾರಿನಲ್ಲಿ ಹೋಗಿ ಬನ್ನಿ. ಮೋಟಾರ್‌ಹೋಮನ್ನು ರಸ್ತೆಯಲ್ಲಿ ಬಿಡಿ. ಮರಳಿನಲ್ಲಿ ಇಳಿಸಿಯೇ ಆಗಬೇಕೆಂದಿದ್ದರೆ ಊರಿಗೆ ಬಂದ ದಿನವೇ ಸಿಹಿನೀರಿನಿಂದ, ಹೆಚ್ಚು ಪ್ರೆಶರ್ ಇಲ್ಲದೆ, ಹೆಚ್ಚು ಹೊತ್ತು ಕೆಳಭಾಗವನ್ನು ತೊಳೆಯಿರಿ. ಜೋರಾಗಿ ಹೊಡೆದರೆ ಉಪ್ಪುನೀರು ಸಂದಿನೊಳಕ್ಕೇ ಹೋಗುತ್ತದೆ.

ಮೂರ್ನಾಡು ತೋಟ

ಲಾಂಗ್ ಮೆಂಬರಿನ ದಪ್ಪ ಅಳೆಸಿದೆ. ಕುಳಿಗಳು ಮೇಲ್ಮೈಯಲ್ಲಿವೆ, ಬಲ ಕೊಡುವ ಅಗತ್ಯವಿಲ್ಲ, ಶುದ್ಧ ಮಾಡಿ ಬಣ್ಣ ಹಾಕಿದರೆ ಸಾಕು ಎಂದು ವರ್ಕ್‌ಶಾಪಿನವರು ಹೇಳಿದರು. ಪೈಪುಗಳನ್ನು ಬದಲಿಸಲು ವೆಲ್ಡರ್ ಒಪ್ಪಿದ್ದಾರೆ. ಬಣ್ಣದ ಕೆಲಸವನ್ನು ಈಗಲೇ ಮಾಡಿಸಬಹುದೆ? ರಸ್ಟ್ ಕನ್ವರ್ಟರ್ ಬಳಿದರೆ ಉಜ್ಜುವ ಶ್ರಮ ತಪ್ಪುತ್ತದೆಯೆ?

ರಸಾಯನಶಾಸ್ತ್ರದ ಮೇಷ್ಟ್ರು, ಮಡಿಕೇರಿ

ತಪ್ಪುವುದಿಲ್ಲ. ಕನ್ವರ್ಟರಿನಲ್ಲಿರುವ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲ ತಾನು ಮುಟ್ಟಿದ ತುಕ್ಕನ್ನಷ್ಟೇ ಗಟ್ಟಿ ಪದರವಾಗಿಸುತ್ತದೆ, ದಪ್ಪ ಹೊಪ್ಪಳೆಯ ಬುಡದವರೆಗೆ ಇಳಿಯುವುದಿಲ್ಲ. ಕುಳಿಗಳ ತಳದಲ್ಲಿ ಉಳಿದ ತೆಳುವಾದ ತುಕ್ಕಿಗೆ ಅದನ್ನು ಬಳಸಿ, ಉಳಿದದ್ದನ್ನು ಕೆರೆಯಲೇಬೇಕು. ತಂತಿ ಬ್ರಷ್ಷು ತುಕ್ಕನ್ನು ಹೊಳಪು ಮಾಡಿ ಕಣ್ಣಿಗೆ ಮೋಸ ಮಾಡುತ್ತದೆ. ಫ್ಲಾಪ್ ಡಿಸ್ಕ್ (ಗ್ರೈಂಡರಿಗೆ ಹಾಕುವ ಉಜ್ಜುಕಾಗದದ ಚಕ್ರ) ವಾಸಿ, ಬ್ಲಾಸ್ಟಿಂಗ್ (ಗಟ್ಟಿ ಕಣಗಳನ್ನು ಗಾಳಿಯ ರಭಸದಲ್ಲಿ ಹೊಡೆಯುವುದು) ಇನ್ನೂ ಒಳ್ಳೆಯದು. ಬ್ಲಾಸ್ಟಿಂಗಿಗೆ ಹೊಳೆಯ ಮರಳು ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೇಡು.

ಕಾಲದ ವಿಷಯಕ್ಕೆ ಬಂದರೆ, ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ಆವಿ ಹನಿಗಟ್ಟಲು ಶುರುವಾಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಆರ್ದ್ರತೆ ಶೇಕಡ 85ಕ್ಕಿಂತ ಕಡಿಮೆಯಿರಬೇಕು ಎಂಬುದು ಬಣ್ಣದ ಕೆಲಸದ ಸಾಮಾನ್ಯ ನಿಯಮ. ಗಾಳಿ 20 ಡಿಗ್ರಿ, ಆರ್ದ್ರತೆ ಶೇಕಡ 90 ಇರುವ ದಿನ ಇಬ್ಬನಿ ಬಿಂದು 18 ಡಿಗ್ರಿಗಿಂತ ಸ್ವಲ್ಪ ಮೇಲಿರುತ್ತದೆ. ಪ್ರೈಮರ್ ನೀರಿನ ಪೊರೆಯ ಮೇಲೆ ಕೂತಂತೆಯೇ. ಅದೇ 25 ಡಿಗ್ರಿ, ಶೇಕಡ 60 ಇರುವ ಮಧ್ಯಾಹ್ನ ಇಬ್ಬನಿ ಬಿಂದು 17ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಜನವರಿಯಿಂದ ಮಾರ್ಚ್ ನಮಗೆ ಸರಿಯಾದ ಕಾಲ, ಅದೂ ಮಂಜು ಕರಗಿದ ಮೇಲೆ ಶುರು ಮಾಡಿ ಸಂಜೆಯ ಒಳಗೆ ಮುಗಿಸಬೇಕು. ಕಾಫಿ ಕುಯ್ಲಿನ ನಡುವೆ ಆಳು ಸಿಗುವುದಿಲ್ಲ ಎಂಬ ನಿಮ್ಮ ಕಷ್ಟವೂ ಗೊತ್ತು.

ಬಾಡಿ ಕಟ್ಟುವವನು, ಕುಶಾಲನಗರ

ಉಜ್ಜಿದ ಲೋಹಕ್ಕೆ ಅದೇ ದಿನ ಎರಡು ಡಬ್ಬಿಯದನ್ನು ಬೆರೆಸಿ ಬಳಿಯುವ ಎಪಾಕ್ಸಿ ಪ್ರೈಮರ್ ಹಾಕಿಸಿ. ಬರೀ ರೆಡ್ ಆಕ್ಸೈಡ್ ಹಾಕಿ ಬಿಟ್ಟರೆ ಅದು ನೀರು ಹೀರುತ್ತದೆ. ಅದರ ಮೇಲೆ ಪಿ.ಯು. ಬಣ್ಣ, ಚಕ್ರದ ಗೂಡುಗಳಿಗೆ ಮಾತ್ರ ಅಂಡರ್‌ಕೋಟ್. ನೆಲದ ಪ್ರತಿ ಅಡ್ಡ ಪೈಪಿನ ತಗ್ಗಿನ ತುದಿಯಲ್ಲಿ 8 ಮಿಲಿಮೀಟರಿನ ತೂತು ಕೊರೆಸಿ, ಅಂಚಿಗೂ ಪ್ರೈಮರ್ ಮುಟ್ಟಿಸಿ. ವೆಲ್ಡಿಂಗ್, ಬಣ್ಣ ಎರಡೂ ಮುಗಿದ ಮೇಲೆ, ಬಿಸಿಲಿನ ದಿನ ಆ ತೂತುಗಳಿಂದಲೇ ವ್ಯಾಕ್ಸ್ ಸಿಂಪಡಿಸಿ. ಮರುದಿನ ತಂತಿ ಹಾಕಿ ತೂತು ಕಟ್ಟಿಲ್ಲವೆಂದು ನೋಡಿ. ಗ್ಲಾಸ್‌ವುಲ್ಲನ್ನು ಮತ್ತೆ ತುಂಬಬೇಡಿ, ನೀರು ಹೀರದ ಫೋಮ್ ಶೀಟ್ ಹಾಕಿ.

ಮೂರ್ನಾಡು ತೋಟ

ಹಾಗೆಯೇ ಮಾಡಿಸುತ್ತೇನೆ. ಮಳೆಗಾಲದಲ್ಲಿ ಕಾಫಿ ಕಣ ಖಾಲಿ ಇರುತ್ತದೆ. ಅಲ್ಲಿ ಟಾರ್ಪಾಲು ಸುತ್ತಿ ನಿಲ್ಲಿಸಬಹುದೆ?

ಬಿಳಿಗೇರಿ ಅಕ್ಕ

ಕಣ ಒಳ್ಳೆಯದು, ಹುಲ್ಲಿನ ಮೇಲಿನ ತೇವ ಅಲ್ಲಿಲ್ಲ. ಟಾರ್ಪಾಲು ಮೈಗೆ ಸುತ್ತಬೇಡಿ, ಒಳಗೆಲ್ಲ ಬೆವರುತ್ತದೆ. ಕಂಬ ನೆಟ್ಟು ಮೇಲೆ ತಗಡು ಹೊದಿಸಿ, ನಾಲ್ಕು ಬದಿ ತೆರೆದಿರಲಿ. ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿದರೆ ನೀರು ತೂತಿನ ಕಡೆಗೆ ಹರಿಯುತ್ತದೆ.

ಬಾಡಿ ಕಟ್ಟುವವನು, ಕುಶಾಲನಗರ

ತೂತುಗಳನ್ನು ಹಿಂದಿನ ತುದಿಯ ಕಡೆಗೇ ಕೊರೆಸಿದ್ದರೆ ಮಾತ್ರ, ಅಕ್ಕ ಹೇಳಿದಂತೆ ಮೂತಿ ಮೇಲೆ ಮಾಡಿ. ಇನ್ನೊಂದು, ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಈಗಾಗಲೇ ಇರುವ ತೂತು ನೀರಿಗಾಗಿ ಇರುವುದಲ್ಲ, ಸೋರಿದ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಕೆಳಗಿಳಿದು ಹೊರಹೋಗಲು ಇರುವುದು. ಅಂಡರ್‌ಕೋಟ್ ಹೊಡೆಯುವ ಹುಡುಗರು ಅದನ್ನು ಮುಚ್ಚಿಬಿಡುತ್ತಾರೆ; ಗಾಡಿ ತೆಗೆದುಕೊಳ್ಳುವ ಮೊದಲು ನೀವೇ ಬೆರಳು ಹಾಕಿ ನೋಡಿ.